ನರಹುಲಿ, ಕೋಡಿನ ಹುಣ್ಣು ಮತ್ತು ವೈರಾಣು

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇನಲ್ಲೂರಿನ ಸುತ್ತಲಿನ ಬಯಲುಸೀಮೆ ದನಕರುಗಳನ್ನು ನಂಬಿ ಬಾಳಿದ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಸಾಕಣೆಯ ಇಲಾಖೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂದು ಹೆಸರಾಗಿ, ಬೀರೂರು, ಬಾಸೂರು, ಅಜ್ಜಂಪುರಗಳ ಕಾವಲುಗಳಲ್ಲಿ, ಅಂದರೆ ದನಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ, ಉದ್ದ ಕೋಡಿನ ಈ ತಳಿ ಉಳಿದುಬಂತು. ದನ ಸಾಕುವವರಿಗೆ ಕರುವಿನ ಕತ್ತು, ಮೂತಿಗಳ ಮೇಲೂ ಹಸುವಿನ ಮೊಲೆತೊಟ್ಟುಗಳ ಮೇಲೂ ಏಳುವ ನರಹುಲಿ ಹೊಸದಲ್ಲ. ಪ್ಯಾಪಿಲೋಮಾ ಎಂಬ ವೈರಾಣುವಿನಿಂದ ಹುಟ್ಟುವ ಅದು ಬಹುಮಟ್ಟಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಉದುರಿಹೋಗುತ್ತದೆ. ಎತ್ತು ತಲೆ ಕೊಡವುತ್ತ, ಮೂಗಿನಿಂದ ರಕ್ತ ಬೆರೆತ ಸಿಂಬಳ ಸುರಿಸುತ್ತ, ಕೊನೆಗೆ ಕೋಡೇ ಸಡಿಲಗೊಂಡು ವಾಲುವ ಕೋಡಿನ ಕ್ಯಾನ್ಸರಿಗೆ ಮಾತ್ರ ನೊಗದ ಉಜ್ಜು, ಕೋಡು ಹೆರೆಯುವ ರೂಢಿ ಮೊದಲಾದ ಕಾರಣಗಳನ್ನು ಹೇಳುತ್ತ ಬರಲಾಗಿದ್ದು, ವೈರಾಣುವಿನ ಮೇಲಿನ ಗುಮಾನಿ ಇನ್ನೂ ರುಜುವಾತಾಗಿಲ್ಲ. ಆದರೆ ಬೆಟ್ಟಸೀಮೆಗಳಲ್ಲಿ ಜರೀಗಿಡ ಮೇಯ್ದು ರಕ್ತ ಉಚ್ಚುವ ದನಗಳಲ್ಲಿ, ಗಿಡದ ವಿಷವೂ ನರಹುಲಿಯ ವೈರಾಣುವೂ ಕೂಡಿ ಮೂತ್ರಕೋಶದ ಕ್ಯಾನ್ಸರನ್ನು ಉಂಟುಮಾಡುವುದು ತಿಳಿದುಬಂದಿದೆ.

ಕ್ಯಾನ್ಸರಿನ ಹಿಂದೆ ವೈರಾಣು ಇರಬಹುದೆಂಬುದನ್ನು ಮನುಷ್ಯ ಮೊದಲು ಅರಿತದ್ದು ಪ್ರಾಣಿಗಳಿಂದಲೇ. ಕೋಳಿಯ ರಕ್ತಕ್ಯಾನ್ಸರನ್ನು ಜೀವಕೋಶಗಳಿಲ್ಲದ ಸೋಸಿದ ದ್ರವದಿಂದ ಇನ್ನೊಂದು ಕೋಳಿಗೆ ದಾಟಿಸಬಹುದೆಂದು ಎಲ್ಲರ್‌ಮನ್ ಮತ್ತು ಬಾಂಗ್ 1908ರಲ್ಲಿ ಡೆನ್ಮಾರ್ಕಿನಲ್ಲಿ ತೋರಿಸಿದರು. ಕೋಳಿಯ ಗಡ್ಡೆಯೂ ಹಾಗೆಯೇ ದಾಟುತ್ತದೆಂದು ಪೇಟನ್ ರೌಸ್ 1911ರಲ್ಲಿ ನ್ಯೂಯಾರ್ಕಿನಲ್ಲಿ ಕಂಡರು. ಒಂದೇ ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಕ್ಯಾನ್ಸರ್ ಅಂಟಿದ್ದನ್ನು ಯಾರೂ ಕಾಣದಿದ್ದುದರಿಂದ ವೈದ್ಯಲೋಕ ಇದನ್ನು ಕೋಳಿಗಷ್ಟೇ ಸಲ್ಲುವ ವಿಚಿತ್ರವೆಂದು ಬದಿಗಿಟ್ಟಿತು, ಮತ್ತು ರೌಸ್ ನೊಬೆಲ್ ಪಡೆಯಲು 1966ರವರೆಗೆ ಕಾಯಬೇಕಾಯಿತು. ಆ ಅನುಮಾನಕ್ಕೆ ಉತ್ತರ ಸರಳವಾಗಿತ್ತು: ಅಂಟುವುದು ಸೋಂಕೇ ಹೊರತು ಕ್ಯಾನ್ಸರಲ್ಲ. ಸೋಂಕಿತರಲ್ಲಿ ಹೆಚ್ಚಿನವರ ದೇಹ ವೈರಾಣುವನ್ನು ತಾನೇ ಕಳೆದುಕೊಳ್ಳುತ್ತದೆ. ಅದು ನೆಲೆನಿಂತ ಕೆಲವರಲ್ಲಿ ಮಾತ್ರ, ಜೀವಕೋಶದ ಅಂಕೆಮೀರಿದ ಬೆಳವಣಿಗೆಗೆ ಕಡಿವಾಣವಾಗಿರುವ ಪ್ರೋಟೀನುಗಳನ್ನು ವೈರಾಣುವಿನ ಪ್ರೋಟೀನುಗಳು ನಿಷ್ಕ್ರಿಯಗೊಳಿಸಿ, ಹತ್ತಿಪ್ಪತ್ತು ವರ್ಷಗಳ ಮೇಲೆ ಗಡ್ಡೆ ಕಾಣಿಸಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಕ್ಯಾನ್ಸರಿನ ಲೆಕ್ಕ ಕ್ರಮವಾಗಿ ಸಿಗತೊಡಗಿದ್ದು ತಡವಾಗಿ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ದಾಖಲಾತಿ ನಡೆದಾಗ, ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಮರುವರ್ಷವೇ, 1983ರಲ್ಲಿ, ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಆ ಗಡ್ಡೆಗಳಲ್ಲಿ ಮನುಷ್ಯರ ಪ್ಯಾಪಿಲೋಮಾ ವೈರಾಣುವಿನ 16ನೆಯ ಬಗೆಯನ್ನು ಗುರುತಿಸಿದರು. ಅದೂ 18ನೆಯ ಬಗೆಯೂ ಸೇರಿ ಜಗತ್ತಿನ ಇಂಥ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣವೆಂಬುದು ಮುಂದೆ ಸ್ಥಿರಪಟ್ಟಿತು. ಇದು ದನದ ನರಹುಲಿಯ ವೈರಾಣುವಿನ ದಾಯಾದಿಯಷ್ಟೆ; ದನದ್ದು ಮನುಷ್ಯರಿಗೆ ಅಂಟುವುದಿಲ್ಲವಾದ್ದರಿಂದ ಹಾಲು ಕರೆಯುವವರು ಅಂಜಬೇಕಿಲ್ಲ. ಬೆಂಗಳೂರಿನಲ್ಲಿ ಈಗ ಸ್ತನಕ್ಯಾನ್ಸರ್ ಮುಂದಿದ್ದರೂ ಗರ್ಭಕಂಠದ್ದು ಹೋಗಿಲ್ಲ.

ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಸಿಕ್ಕಿದ್ದು ಕೋಳಿಗಳಿಗೆ. ಮಾರೆಕ್ ರೋಗವೆಂಬ ವೈರಾಣುಜನ್ಯ ಗಡ್ಡೆರೋಗಕ್ಕೆ ಅದು 1970ರ ಸುಮಾರಿಗೆ ಬಳಕೆಗೆ ಬಂತು. ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ದೊರೆತದ್ದು 2006ರಲ್ಲಿ, ಭಾರತದಲ್ಲೇ ತಯಾರಾದದ್ದು 2023ರಲ್ಲಿ. ಸೋಂಕು ತಗಲುವ ಮೊದಲೇ, 9ರಿಂದ 14ರ ವಯಸ್ಸಿನಲ್ಲಿ ಕೊಟ್ಟರೆ ಅದರ ಫಲ ಹೆಚ್ಚು. ದನಕ್ಕೆ ಕಾಲುಬಾಯಿ ಜ್ವರದ ಲಸಿಕೆಯನ್ನು ಹಾಕಿಸುವ ಹಿರೇನಲ್ಲೂರು ಸೀಮೆಯ ಮನೆಗಳು ತಮ್ಮ ಹೆಣ್ಣುಮಕ್ಕಳಿಗೆ ಈ ಲಸಿಕೆಯನ್ನೂ ಹಾಕಿಸಬೇಕು.