ಹೊಲಿದವರ ಕೂಲಿ, ಕೊಂಡವರ ಹೊಣೆ: ಕರ್ನಾಟಕದ ಗಾರ್ಮೆಂಟ್ಸ್ ಉದ್ಯಮದಲ್ಲಿ ಕಾರ್ಮಿಕ ಮಾನದಂಡಗಳ ಇತಿಹಾಸ

ಕರ್ನಾಟಕದ ರಫ್ತು ಸರಕುಗಳಲ್ಲಿ ಹೆಣ್ಣುಮಕ್ಕಳ ದುಡಿಮೆಯನ್ನು ಬಹುವಾಗಿ ನೆಚ್ಚಿಕೊಂಡವು ಮಲೆನಾಡಿನ ಕಾಫಿ ಮತ್ತು ಬೆಂಗಳೂರು ಸುತ್ತಲಿನ ಸಿದ್ಧ ಉಡುಪು. ಎರಡರ ಬೆಲೆಯೂ ನಿಗದಿಯಾಗುವುದು ಕಡಲಾಚೆ. ಆದರೆ ದುಡಿಯುವವರ ಹೊಣೆ ಯಾರದು ಎಂಬ ಪ್ರಶ್ನೆಗೆ ಈ ಎರಡು ಉದ್ಯಮಗಳು ಕೊಟ್ಟ ಉತ್ತರ ಬೇರೆ ಬೇರೆ. ಗಾರ್ಮೆಂಟ್ಸ್ ಉದ್ಯಮದ ಮಾನದಂಡಗಳನ್ನು ಅರಿಯಲು ಕಾಫಿ ತೋಟದಿಂದ ಹೊರಡುವುದು ಉಪಯುಕ್ತ.

ಕಳಸ, ಹೊರನಾಡು, ಮೂಡಿಗೆರೆ ಸೀಮೆಯ ತೋಟಗಳಿಗೆ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುತ್ತಿದ್ದವರು ಮೇಸ್ತ್ರಿಗಳು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಶಿಕ್ಷಿಸಲು ಬ್ರಿಟಿಷರ 1859ರ ಕರಾರು ಭಂಗ ಕಾಯ್ದೆ ದಾರಿಮಾಡಿಕೊಟ್ಟಿತ್ತು. ಅದು ರದ್ದಾದದ್ದು 1920ರ ದಶಕದಲ್ಲಿ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಆಳಿನ ಮೇಲಿದ್ದ ಹೊಣೆಯನ್ನು ತಿರುವುಮುರುವು ಮಾಡಿ, ಮನೆ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ಕೂಸುಗಳ ಪಾಲನೆಯನ್ನು ಮಾಲೀಕರ ಮೇಲೆ ಹೊರಿಸಿತು. ಎಲ್ಲ ತೋಟಗಳಲ್ಲೂ ಅದು ಪಾಲನೆಯಾಯಿತೆಂದಲ್ಲ. ಸಣ್ಣ ಹಿಡುವಳಿಗಳಂತೂ ಕಾಯ್ದೆಯ ಹೊರಗೇ ಉಳಿದವು. ಆದರೂ ಕಾಯ್ದೆಗೆ ಒಳಪಟ್ಟ ತೋಟದಲ್ಲಿ ಲೈನ್ ಮನೆ ಸೋರಿದರೆ ಯಾರನ್ನು ಕೇಳಬೇಕೆಂಬುದರಲ್ಲಿ ಗೊಂದಲವಿರಲಿಲ್ಲ.

ಗಾರ್ಮೆಂಟ್ಸ್‌ನಲ್ಲಿ ಈ ಗೊಂದಲ ಮೊದಲಿನಿಂದಲೂ ಇದೆ. ಬೆಂಗಳೂರಿನಲ್ಲಿ ರಫ್ತಿಗಾಗಿ ಹೊಲಿಯುವ ಕಾರ್ಖಾನೆಗಳು 1970ರ ದಶಕದಿಂದ ಬೆಳೆಯತೊಡಗಿದವು. ಬಿನ್ನಿ, ಮಿನರ್ವದಂಥ ಹಳೆಯ ಗಿರಣಿಗಳಲ್ಲಿ ಗಂಡಾಳುಗಳೇ ಹೆಚ್ಚು, ಸಂಘಟನೆಯೂ ಬಲವಾಗಿತ್ತು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಹೊಸ ಕಾರ್ಖಾನೆಗಳು ತುಂಬಿದ್ದು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಂದ. ಸಿರಿವಂತ ದೇಶಗಳಿಗೆ ಹೋಗುವ ಬಟ್ಟೆಗೆ ಕೋಟಾ ವಿಧಿಸಿದ್ದ 1974ರ ಬಹುನೂಲು ಒಪ್ಪಂದದ ವ್ಯವಸ್ಥೆ 2005ರ ಜನವರಿ 1ರಂದು ಪೂರ್ತಿಯಾಗಿ ಕೊನೆಗೊಂಡಿತು. ಅಲ್ಲಿಂದ ಮುಂದೆ ಬಯರ್, ಅಂದರೆ ಬಟ್ಟೆ ಕೊಳ್ಳುವ ವಿದೇಶಿ ಕಂಪನಿ, ಯಾವ ದೇಶದಲ್ಲಿ ಎಷ್ಟು ಬೇಕಾದರೂ ಹೊಲಿಸಿಕೊಳ್ಳಬಹುದಾಯಿತು. ಬೆಂಗಳೂರಿನ ಕಾರ್ಖಾನೆ ಢಾಕಾದ ದರದೊಂದಿಗೆ ನೇರವಾಗಿ ಸೆಣಸಬೇಕಾಯಿತು. ಕಡಿಮೆ ಕೂಲಿ ಹುಡುಕುತ್ತ ಕಾರ್ಖಾನೆಗಳು ರಾಮನಗರ, ಮದ್ದೂರು, ಶ್ರೀರಂಗಪಟ್ಟಣಗಳತ್ತಲೂ ಹರಡಿದವು. ಕನಿಷ್ಠ ವೇತನದ ದರವೇ ವಲಯಕ್ಕೊಂದಾಗಿದ್ದುದು ಇದಕ್ಕೆ ಇಂಬುಕೊಟ್ಟಿತು.

ದರದ ಒತ್ತಡ ಕೊನೆಗೆ ಬಂದು ನಿಲ್ಲುವುದು ಹೊಲಿಗೆ ಮೆಷಿನ್‌ಗಳ ಲೈನಿನಲ್ಲಿ. ಒಬ್ಬಳು ಕಾಲರ್ ಕೂಡಿಸಿದರೆ ಮತ್ತೊಬ್ಬಳು ತೋಳು ಕೂಡಿಸುತ್ತಾಳೆ. ಒಂದು ಅಂಗಿ ಹತ್ತಾರು ಕೈ ದಾಟುತ್ತದೆ. ಲೈನಿನ ತಲೆಯಲ್ಲಿರುವ ಹಲಗೆಯ ಮೇಲೆ ಗಂಟೆಗೆ ಎಷ್ಟು ಪೀಸ್ ಆಗಬೇಕು, ಎಷ್ಟು ಆಯಿತು ಎಂದು ಬರೆದಿರುತ್ತದೆ. ಒಬ್ಬಳು ಶೌಚಕ್ಕೆ ಎದ್ದರೆ ಮುಂದಿನವಳ ಮೆಷಿನ್ ಖಾಲಿ ನಿಲ್ಲುತ್ತದೆ, ಸೂಪರ್‌ವೈಸರ್ ದನಿ ಏರುತ್ತದೆ. ಟಾರ್ಗೆಟ್ ಮುಗಿಯದಿದ್ದರೆ ಲೆಕ್ಕಕ್ಕಿಲ್ಲದ ಹೆಚ್ಚುವರಿ ಅರ್ಧ ಗಂಟೆ. ಬೈಗುಳ ಮತ್ತು ಶೌಚಕ್ಕೆ ತಡೆ ಈ ಉದ್ಯಮದ ದೂರುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಕೆಲವರ ಒರಟುತನವಷ್ಟೇ ಕಾರಣವಲ್ಲ, ಹಲಗೆಯ ಮೇಲಿನ ಅಂಕಿಯೇ ಅದಕ್ಕೆ ಕುಮ್ಮಕ್ಕು ಕೊಡುತ್ತದೆ.

ಬ್ರ್ಯಾಂಡ್‌ಗಳ ನೀತಿಸಂಹಿತೆ ಹುಟ್ಟಿದ್ದು 1990ರ ದಶಕದಲ್ಲಿ. ಲಿವೈಸ್ 1991ರಲ್ಲೇ ತನ್ನ ಸರಬರಾಜುದಾರರಿಗೆ ನಿಯಮಗಳನ್ನು ವಿಧಿಸಿತು. 1997ರಲ್ಲಿ ಕೆಲಸದ ಸ್ಥಿತಿಗತಿ ಪರಿಶೀಲಿಸಿ ಕಾರ್ಖಾನೆಗಳಿಗೆ ಕೊಡುವ ಎಸ್‌ಎ 8000 ಪ್ರಮಾಣಪತ್ರ ಬಂತು. ಪಾಶ್ಚಾತ್ಯ ಗ್ರಾಹಕರ ಪ್ರತಿಭಟನೆಗೆ ಉತ್ತರವಾಗಿ ಬಂದ ಇವುಗಳಲ್ಲಿ ಕೆಲಸಗಾರರ ಮಾತಿಗೆ ಎಡೆ ಕಡಿಮೆ. ನಿಯಮಗಳ ಪಾಲನೆಯನ್ನು ನೋಡಲು ಬರುವ ಆಡಿಟ್‌ನ ದಿನ ಮೊದಲೇ ಗೊತ್ತಾದರೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತುಂಬಿಸಬಹುದು, ತುರ್ತು ಬಾಗಿಲ ಮುಂದಿನ ಬಂಡಲ್‌ಗಳನ್ನು ತೆಗೆಸಬಹುದು, ಏನು ಕೇಳಿದರೆ ಏನು ಹೇಳಬೇಕೆಂದು ಕಲಿಸಬಹುದು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿದ್ದ ಕಾರ್ಖಾನೆಗಳಲ್ಲೂ ಆಡಿಟ್ ನಡೆದಿದ್ದುದು ಬಯಲಾಯಿತು.

ಬೆಂಗಳೂರಿನಲ್ಲಿ ಕೆಲಸಗಾರರ ದನಿ ನಿಧಾನವಾಗಿ ಕೂಡಿಬಂತು. 2000ದಲ್ಲಿ ಕಾರ್ಮಿಕ ಹಕ್ಕುಗಳಿಗಾಗಿ ದುಡಿಯುವ ಸಿವಿಡೆಪ್ ಸಂಸ್ಥೆ ಆರಂಭವಾಯಿತು. ಗಾರ್ಮೆಂಟ್ಸ್ ಮಹಿಳೆಯರ ಸಂಘಟನೆ 'ಮುನ್ನಡೆ'ಯೂ ಅದೇ ದಶಕದಲ್ಲಿ ರೂಪುಗೊಂಡಿತು. ಗಾಟ್ವು ಎಂದು ಹೆಸರಾದ ಗಾರ್ಮೆಂಟ್ ಮತ್ತು ಟೆಕ್ಸ್‌ಟೈಲ್ ಕಾರ್ಮಿಕರ ಯೂನಿಯನ್, ನಂತರ 2012ರಲ್ಲಿ ಗಾರ್ಮೆಂಟ್ ಲೇಬರ್ ಯೂನಿಯನ್ ಬಂದವು. ಹಾದಿ ಸುಗಮವಾಗಿರಲಿಲ್ಲ. ನಗರದ ಒಂದು ಜೀನ್ಸ್ ತಯಾರಿಕಾ ಸಂಸ್ಥೆಯ ಮೇಲಿನ ದೂರುಗಳನ್ನು ಹೊರದೇಶಗಳಿಗೆ ತಲುಪಿಸದಂತೆ 2006ರಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು. ನೆದರ್ಲೆಂಡ್ಸ್‌ನ ಹೋರಾಟಗಾರರ ಮೇಲೂ ಮೊಕದ್ದಮೆ ಬಿತ್ತು. ಆ ದೇಶದ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಮಧ್ಯಸ್ಥಿಕೆ ವಹಿಸಿದ ಮೇಲೆ 2008ರ ಜನವರಿಯಲ್ಲಿ ರಾಜಿಯಾಯಿತು. ಬಟ್ಟೆ ಕೊಳ್ಳುವವನಿಗೆ ಹೊಲಿದವಳ ಪಾಡು ಗೊತ್ತಾಗಬಾರದೆಂಬ ಹಟವೇ ಆ ವಿವಾದದ ತಿರುಳು.

ದೊಡ್ಡ ತಿರುವು ಬಂದದ್ದು ಯೂನಿಯನ್ನುಗಳ ಅಂಕೆಯಾಚೆಗೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ 2016ರ ಫೆಬ್ರುವರಿಯಲ್ಲಿ ನಿಯಮ ತಂದಿತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ದುಡಿಯುವವರು ವಿರಳ. ಮಗಳ ಮದುವೆ, ಮಕ್ಕಳ ಫೀಸು, ಊರಿನ ಸಾಲ ಎಲ್ಲಕ್ಕೂ ಪಿಎಫ್ ಹಣವೇ ಆಧಾರ. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆಗಿಳಿದರು. ಮರುದಿನ ಲಾಠಿ ಬೀಸಿತು, ಬಸ್ಸುಗಳು ಉರಿದವು. ಅಂದೇ ಸಂಜೆ ನಿಯಮವನ್ನು ಹಿಂತೆಗೆಯಲಾಯಿತು.

ಕೂಲಿಯ ವಿಚಾರದಲ್ಲಿ ರಾಜ್ಯ ಸರ್ಕಾರ ಹಿಂದೆ ಸರಿದದ್ದೂ ಉಂಟು. ಹೊಲಿಗೆ ಉದ್ಯಮದ ಕನಿಷ್ಠ ವೇತನ ಏರಿಸುವ ಕರಡನ್ನು 2018ರ ಫೆಬ್ರುವರಿಯಲ್ಲಿ ಹೊರಡಿಸಿ, ಮಾರ್ಚ್‌ನಲ್ಲಿ ವಾಪಸು ಪಡೆಯಿತು. ಕೋವಿಡ್ ವರ್ಷ 2020ರಲ್ಲಿ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆಯನ್ನೇ ಮುಂದೂಡಿತು. ತಿಂಗಳಿಗೆ ಸುಮಾರು 417 ರೂಪಾಯಿ. ಬಾಡಿಗೆ ಮನೆಯವರಿಗೆ ಅದು ಹಲವು ದಿನದ ಅಕ್ಕಿ. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕಾರ್ಮಿಕರ ಪರ ಆದೇಶಿಸಿದರೂ ಬಹಳಷ್ಟು ಕಾರ್ಖಾನೆಗಳು ಒಂದು ವರ್ಷ ದಾಟಿದರೂ ಕೊಡಲಿಲ್ಲ. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಬ್ರ್ಯಾಂಡ್‌ಗಳ ಮೇಲೆ ಒತ್ತಡ ತಂದ ಬಳಿಕ ಬಾಕಿ ಪಾವತಿಗೆ ವೇಗ ಸಿಕ್ಕಿತು. ನೆಲದ ಕಾನೂನು, ನೆಲದ ನ್ಯಾಯಾಲಯದ ಆದೇಶ ಎರಡೂ ಇದ್ದೂ ಹಣ ಕೈಗೆ ಬರಲು ಕಡಲಾಚೆಯ ಬಯರ್ ಗದರಬೇಕಾಯಿತೆಂಬುದು ನಾಡಿನ ಆಡಳಿತಕ್ಕೆ ಗೌರವ ತರುವ ಸಂಗತಿಯಲ್ಲ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯೊಂದರಿಂದ ಸುಮಾರು 1,200 ಮಂದಿಯನ್ನು ಹೊರಗಿಡಲಾಯಿತು. ಅಲ್ಲಿ ಗಾಟ್ವು ಬೇರೂರಿತ್ತು. ಹೆಂಗಸರು ವಾರಗಟ್ಟಲೆ ಗೇಟಿನ ಬಳಿ ಕುಳಿತರು. ಅಲ್ಲಿ ಹೊಲಿದ ಬಟ್ಟೆ ಕೊಳ್ಳುತ್ತಿದ್ದ ಸ್ವೀಡನ್ನಿನ ಎಚ್ ಅಂಡ್ ಎಂ, ಜಾಗತಿಕ ಕಾರ್ಮಿಕ ಒಕ್ಕೂಟ ಇಂಡಸ್ಟ್ರಿಆಲ್ ಜೊತೆ 2015ರಲ್ಲೇ ಒಪ್ಪಂದ ಮಾಡಿಕೊಂಡಿತ್ತು. ಆ ದಾರಿಯಲ್ಲೂ ಒತ್ತಡ ಬಿದ್ದು, 2021ರಲ್ಲಿ ಆಡಳಿತ ಮಂಡಳಿ ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಕಾಗದದ ಸಂಹಿತೆಗೆ ಜೀವ ಬಂದದ್ದು ಗೇಟಿನ ಬಳಿ ಕುಳಿತವರಿಂದ.

ಈಚೆಗೆ ಕೊಳ್ಳುವ ದೇಶಗಳ ಕಾನೂನೇ ಬದಲಾಗುತ್ತಿದೆ. ಸರಬರಾಜುದಾರರಲ್ಲಿ ದುಡಿಯುವವರ ಹಕ್ಕುಗಳ ಬಗ್ಗೆ ಕೊಳ್ಳುವ ಕಂಪನಿಗೂ ಹೊಣೆ ಹೊರಿಸುವ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿಯಲ್ಲಿ ಜಾರಿಗೆ ಬಂತು. 2024ರಲ್ಲಿ ಐರೋಪ್ಯ ಒಕ್ಕೂಟವೂ ಇಂಥದೇ ನಿರ್ದೇಶನ ಹೊರಡಿಸಿತು. ಇವುಗಳ ಪ್ರಯೋಜನ ಮದ್ದೂರಿನ ಕೆಲಸಗಾರ್ತಿಗೆ ದಕ್ಕಬೇಕಾದರೆ, ತಾನು ಯಾರಿಗಾಗಿ ಹೊಲಿಯುತ್ತಿದ್ದೇನೆಂದು ಅವಳಿಗೆ ಮೊದಲು ತಿಳಿದಿರಬೇಕು. ಯಾವ ಕಾರ್ಖಾನೆ ಯಾವ ಬ್ರ್ಯಾಂಡಿಗೆ ಹೊಲಿಯುತ್ತದೆಂಬ ಪಟ್ಟಿಯನ್ನು ರಾಜ್ಯದ ಕಾರ್ಮಿಕ ಇಲಾಖೆ ಕನ್ನಡದಲ್ಲಿ ಪ್ರಕಟಿಸಿ, ಪ್ರತಿ ಕಾರ್ಖಾನೆಯ ಗೇಟಿನಲ್ಲೂ ತೂಗುಹಾಕಿಸಬೇಕು.