ಬಯಲಾಟ, ಡೇರೆ, ಸಭಾಭವನ: ಆಟ ನೋಡಲು ಯಾರಿಗೆ ಜಾಗ?

ಬಯಲಾಟವೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಸದಸ್ಯರಿಗೆ ದೊಡ್ಡಾಟ, ಸಣ್ಣಾಟ. ಕಾಸರಗೋಡಿನ ನಮಗೆ ಯಕ್ಷಗಾನ. ಆಟ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆಯೇ ಅದನ್ನು ಯಾರು ನೋಡಬಹುದು ಎಂಬುದು ನಿಂತಿದೆ. ಕಾರ್ಯಕ್ರಮಕ್ಕೆ ಜಾಗ ಗೊತ್ತುಮಾಡುವ ಸದಸ್ಯರ ಉಪಯೋಗಕ್ಕೆಂದು ಈ ಮಾಹಿತಿಯನ್ನು ಕೊಡುತ್ತಿದ್ದೇವೆ.

ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹರಕೆಯಾಟದ ಖರ್ಚು ಹರಕೆ ಹೊತ್ತವರದು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ಚಾಪೆ ತಂದವರಿಗೆ ಚಾಪೆ, ಇಲ್ಲದವರಿಗೆ ನೆಲ. ಹಾಗೆಂದು ಬಯಲು ಎಲ್ಲರಿಗೂ ಒಂದೇ ಆಗಿತ್ತು ಎಂದರೆ ಸುಳ್ಳಾದೀತು. ದೇವಸ್ಥಾನದ ಅಂಗಳದ ಆಟವನ್ನು ದಲಿತರು ದೂರ ನಿಂತೇ ನೋಡಬೇಕಿತ್ತು. ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದರಿಂದ 1947ರ ಮದ್ರಾಸ್ ದೇವಾಲಯ ಪ್ರವೇಶ ಕಾಯಿದೆ ಇಲ್ಲಿಗೂ ಅನ್ವಯವಾಯಿತು. ಬಳಿಕ ಸಂವಿಧಾನದ 15(2)ನೇ ವಿಧಿ ಸಾರ್ವಜನಿಕ ಮನರಂಜನೆಯ ಸ್ಥಳಗಳಲ್ಲಿ ಜಾತಿ, ಧರ್ಮ, ಲಿಂಗದ ನೆಪದಲ್ಲಿ ಯಾರನ್ನೂ ತಡೆಯಬಾರದೆಂದಿತು. ಅಸ್ಪೃಶ್ಯತೆಯ ಹೆಸರಿನಲ್ಲಿ ತಡೆಯುವುದನ್ನು 1955ರ ಕಾಯಿದೆ ಶಿಕ್ಷಾರ್ಹ ಮಾಡಿತು. ಕಾಯಿದೆ ಬಂದ ಮರುದಿನವೇ ಮುಂದಿನ ಸಾಲು ಎಲ್ಲರದ್ದಾಗಲಿಲ್ಲ, ಆ ಮಾತು ಬೇರೆ.

ಕಳೆದ ಶತಮಾನದ ನಡುಭಾಗದಲ್ಲಿ ಡೇರೆ ಮೇಳಗಳು ಬಂದವು. ಟಿಕೆಟಿನ ಗೂಡಿನಲ್ಲಿ ಜಾತಿ ಕೇಳುತ್ತಿರಲಿಲ್ಲ, ದುಡ್ಡು ಕೇಳುತ್ತಿದ್ದರು. ದುಡ್ಡಿದ್ದವರಿಗೆ ಕುರ್ಚಿ, ಕಡಿಮೆ ಇದ್ದವರಿಗೆ ನೆಲ, ಏನೂ ಇಲ್ಲದವರಿಗೆ ಡೇರೆಯ ಹೊರಗಿನಿಂದ ಚೆಂಡೆಯ ಸದ್ದು.

ಈಗಿನ ತೊಡಕು ಶಬ್ದ ಮಾಲಿನ್ಯ ನಿಯಮ, 2000. ಇದರ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಮುಚ್ಚಿದ ಸಭಾಂಗಣಕ್ಕೆ ಮಾತ್ರ ವಿನಾಯಿತಿ ಇದೆ. ಪಕ್ಕದ ಮನೆಯ ರೋಗಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ನಿದ್ದೆ ಬೇಕು, ನಿಯಮವನ್ನು ನಾವು ಹಳಿಯುವುದಿಲ್ಲ. ಆದರೆ ಇಡೀ ರಾತ್ರಿಯ ಆಟ ಬೇಕೆಂದರೆ ಒಳಗೆ ಹೋಗಬೇಕು, ಒಳಗೆ ಹೋದರೆ ಬಾಡಿಗೆ, ಮುಂಗಡ, ವಿದ್ಯುತ್ ಬಿಲ್ಲು. ಅದು ಕೊನೆಗೆ ಟಿಕೆಟಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಸಂಜೆ 5ಕ್ಕೆ ಆರಂಭಿಸಿ 10ರೊಳಗೆ ಮಂಗಳ ಹಾಡುವ ಕಾಲಮಿತಿಯ ಬಯಲಾಟವೇ ಮೇಲೆಂದು ನಮ್ಮ ಅಭಿಪ್ರಾಯ. ಹಿರಿಯ ಭಾಗವತರು ಒಪ್ಪಲಿಕ್ಕಿಲ್ಲ. ಪ್ರಸಂಗ ಕತ್ತರಿಸುವ ನೋವು ಅವರದ್ದು.

ಸಭಾಭವನವೇ ಬೇಕಾದರೆ ಮೊದಲು ಮೆಟ್ಟಿಲು ನೋಡಿ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸಾರ್ವಜನಿಕ ಕಟ್ಟಡಗಳಿಗೆ ಅವರು ಹೋಗಿಬರುವಂತಹ ವ್ಯವಸ್ಥೆ ಇರಬೇಕೆನ್ನುತ್ತದೆ. ನಾವು ಒಮ್ಮೆ ಹಿಡಿದ ಸಭಾಭವನ ಮೊದಲ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಇಬ್ಬರು ಹಿರಿಯ ಸದಸ್ಯರು ಕೆಳಗಿನ ಜಗಲಿಯಲ್ಲೇ ಕುಳಿತು ಹಾಡು ಕೇಳಿ ಮನೆಗೆ ಹೋದರು. ಮುಂಗಡ ಕೊಡುವ ಮೊದಲು ಹೋಗಿ ನೋಡದಿದ್ದುದು ನಮ್ಮದೇ ತಪ್ಪು. ಹೆಂಗಸರ ಶೌಚಾಲಯ, ಕೊನೆಯ ಬಸ್ಸಿನ ಹೊತ್ತು, ಇವನ್ನೂ ವಿಚಾರಿಸಿಕೊಳ್ಳಿ.

ಮೈದಾನದ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದೇ ಎಂದು ಹಲವರು ಕೇಳುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಕಾಸರಗೋಡು ತಾಲೂಕಿನ ಕನ್ನಡಿಗರು ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಬೇರೆ ರಾಜ್ಯಗಳಲ್ಲಿರುವವರು ಆಯಾ ರಾಜ್ಯದ ಭಾಷೆಯ ಪ್ರತಿಯೊಂದನ್ನು ಜೊತೆಗಿಟ್ಟರೆ ಕೆಲಸ ಬೇಗ ಸಾಗುತ್ತದೆ. ಅರ್ಜಿಯ ಎರಡನೇ ಪ್ರತಿಗೆ ತಾರೀಕು ಸಹಿತ ಮೊಹರು ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.