ಲೋಳೆ, ಹುಳಿ, ಎಣ್ಣೆ: ಕೂದಲಿನ ಗುಣಕ್ಕೆ ತಕ್ಕ ನೈಸರ್ಗಿಕ ಕಂಡೀಷನರ್‌ನ ಆಯ್ಕೆ

ಪೀಠಿಕೆ

ಎಣ್ಣೆನೀರಿನ ದಿನ ಹಳೆ ಮೈಸೂರು ಸೀಮೆಯ ಬಚ್ಚಲಿನಲ್ಲಿ ಇರುತ್ತಿದ್ದ ಸಾಮಗ್ರಿ ಬಹಳವಲ್ಲ: ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ, ಸೀಗೆಪುಡಿ, ಚಿಗರೆಪುಡಿ. ಮಲೆನಾಡು, ಕರಾವಳಿಗಳಲ್ಲಿ ನೀರಿನಲ್ಲಿ ಕಿವುಚಿದ ದಾಸವಾಳದ ಎಲೆಯ ಲೋಳೆಯೂ ಸೇರುತ್ತಿತ್ತು. ಇಂದು ಇವುಗಳಲ್ಲಿ ಹಲವು, ಮೆಂತ್ಯ, ಲೋಳೆಸರ, ಮೊಸರುಗಳೊಡನೆ, ‘ನೈಸರ್ಗಿಕ ಕಂಡೀಷನರ್’ ಎಂಬ ಒಂದೇ ಹೆಸರಿನಲ್ಲಿ ಪ್ರಚಾರ ಪಡೆಯುತ್ತಿವೆ. ಆ ಒಂದು ಹೆಸರಿನೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ತನ್ನ ಕೂದಲಿಗೆ ಯಾವ ಕೆಲಸ ಆಗಬೇಕೆಂದು ತಿಳಿದ ಮೇಲೆಯೇ ವಸ್ತುವನ್ನು ಆರಿಸಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಕೂದಲಿನ ರಚನೆ

ಕೂದಲಿನ ತಿರುಳು ಕೆರಾಟಿನ್ ಎಂಬ ಪ್ರೋಟೀನು. ಅದರ ಮೇಲೆ ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಪೊರೆಯ ಪದರಗಳಿವೆ. ಎಲ್ಲಕ್ಕಿಂತ ಹೊರಗೆ ನೀರನ್ನು ದೂರವಿಡುವ ತೆಳುವಾದ ಮೇದಸ್ಸಿನ ಲೇಪವಿದೆ. ಬ್ಲೀಚು ಮತ್ತು ಕ್ಷಾರ ಈ ಲೇಪವನ್ನು ಕಿತ್ತುಹಾಕುತ್ತವೆ. ಆಗ ಕೂದಲು ನೀರನ್ನು ಹೆಚ್ಚು ಹೀರಿ ಉಬ್ಬುತ್ತದೆ, ಒಣಗಿದಾಗ ಒರಟಾಗುತ್ತದೆ.

ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ 60 ಸೆಂ.ಮೀ. ಉದ್ದದ ಜಡೆಯ ತುದಿಗೆ ಸುಮಾರು ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಬಾಚಣಿಗೆ, ಸೋಪುಗಳನ್ನು ಕಂಡ ತುದಿಗೂ ಮೊನ್ನೆ ಹುಟ್ಟಿದ ಬುಡಕ್ಕೂ ಒಂದೇ ಆರೈಕೆ ಸಲ್ಲದು. ಕಂಡೀಷನರ್‌ನ ಅಗತ್ಯ ಹೆಚ್ಚಾಗಿ ಇರುವುದು ನಡುವಿಗೆ ಮತ್ತು ತುದಿಗೆ.

ಮೂರು ಕೆಲಸಗಳು

ಮೊದಲನೆಯದು ಜಾರಿಕೆ. ದಾಸವಾಳದ ಎಲೆ, ನೆನೆಸಿ ಅರೆದ ಮೆಂತ್ಯ, ಲೋಳೆಸರದ ತಿರುಳು ಇವುಗಳಲ್ಲಿರುವ ಬಹುಶರ್ಕರಗಳು ನೀರು ಕುಡಿದು ಲೋಳೆಯಾಗುತ್ತವೆ. ಮೆಂತ್ಯದಲ್ಲಿ ಈ ಕೆಲಸ ಮಾಡುವುದು ಗ್ಯಾಲಕ್ಟೋಮನ್ನಾನ್. ಲೋಳೆ ಎಳೆಗಳ ನಡುವಿನ ತಿಕ್ಕಾಟ ಕಡಿಮೆ ಮಾಡಿ ಸಿಕ್ಕು ಬಿಡಿಸುತ್ತದೆ. ಆದರೆ ಅಂಗಡಿಯ ಕಂಡೀಷನರ್‌ನಲ್ಲಿ ಧನ ವಿದ್ಯುದಂಶದ ಅಣುಗಳಿದ್ದು, ಋಣ ವಿದ್ಯುದಂಶದ ಕೂದಲಿಗೆ ಅವು ಅಂಟಿಕೊಳ್ಳುತ್ತವೆ. ಲೋಳೆಗೆ ಆ ಗುಣವಿಲ್ಲ. ತೊಳೆದಂತೆ ಬಹುಪಾಲು ಹೋಗುತ್ತದೆ.

ಎರಡನೆಯದು ಹುಳಿ. ಕೂದಲ ಮೇಲ್ಮೈಯ ವಿದ್ಯುದಂಶ ಶೂನ್ಯವಾಗುವುದು ಸುಮಾರು 3.7 ಪಿಎಚ್‌ನಲ್ಲಿ. ಪಿಎಚ್ ಅದಕ್ಕಿಂತ ಮೇಲೇರಿದಷ್ಟೂ ಋಣ ವಿದ್ಯುದಂಶ, ಅದರೊಡನೆ ತಿಕ್ಕಾಟ, ಹೆಚ್ಚುತ್ತದೆ. ಕ್ಷಾರೀಯ ಸೋಪು ಹಾಕಿದ ಮೇಲೆ ಕೂದಲು ಸಿಕ್ಕುಗಟ್ಟಲು ಇದೂ ಒಂದು ಕಾರಣ. ತಿಳಿಮಜ್ಜಿಗೆ ಇದನ್ನು ಸರಿದೂಗಿಸುತ್ತದೆ. ಸೀಗೆಯ ಕಷಾಯವೂ ಸ್ವಲ್ಪ ಆಮ್ಲೀಯವೇ. ಕೊಳೆ ತೆಗೆಯುವ ಸಪೋನಿನ್ ಮತ್ತು ಹುಳಿ ಒಂದೇ ಕಾಯಿಯಲ್ಲಿವೆ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ. ‘ನೈಸರ್ಗಿಕ’ವೆಂದು ಅದನ್ನು ತಲೆಗೆ ಹಾಕುವುದು ತಪ್ಪು.

ಮೂರನೆಯದು ಎಣ್ಣೆ. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆಗಳನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಮೂರರಲ್ಲಿ ಕೂದಲಿನ ಪ್ರೋಟೀನು ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಆದ್ದರಿಂದ ಎಳೆಯೊಳಗೆ ಇಳಿಯಬಲ್ಲದು. ಮೀಯುವ ಮುಂಚೆ ಎಣ್ಣೆ ಹಚ್ಚುವ ನಮ್ಮ ರೂಢಿಯ ಹಿಂದೆ ಇಷ್ಟು ಗಟ್ಟಿಯಾದ ಕಾರಣವಿದೆ.

ಯಾವ ಕೂದಲಿಗೆ ಯಾವುದು

ತೆಳುವಾದ, ನೇರ ಕೂದಲು ಭಾರ ತಾಳದು. ಬೇಗ ಜಿಡ್ಡಾಗಿ ತಲೆಗೆ ಅಂಟುತ್ತದೆ. ಅದಕ್ಕೆ ದಾಸವಾಳ ಅಥವಾ ಲೋಳೆಸರದ ತೆಳುವಾದ ಲೋಳೆ, ಇಲ್ಲವೇ ತಿಳಿಮಜ್ಜಿಗೆ ಸಾಕು. ಎಣ್ಣೆ ಬೇಕಾದರೆ ಮೀಯುವ ಮುಂಚೆ, ತುದಿಗಷ್ಟೇ.

ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ತಿರುವುಗಳನ್ನು ದಾಟಿ ತುದಿ ಮುಟ್ಟುವುದಿಲ್ಲ. ಇಲ್ಲಿ ಎರಡು ಕೆಲಸ ಬೇಕು: ಮುಂಚೆ ಕೊಬ್ಬರಿ ಎಣ್ಣೆ, ಆಮೇಲೆ ಮೆಂತ್ಯದ ದಪ್ಪ ಲೋಳೆ. ಲೋಳೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಬೇಕು.

ಬಣ್ಣ ಹಾಕಿದ, ಬ್ಲೀಚ್ ಮಾಡಿದ ಕೂದಲಿಗೆ ಮೊದಲು ಎಣ್ಣೆ, ಕೊನೆಗೆ ಹುಳಿ. ಮೊಟ್ಟೆಯನ್ನು ಹಲವರು ಶಿಫಾರಸು ಮಾಡುವರು. ಆದರೆ ಅದರ ಪ್ರೋಟೀನಿನ ಅಣುಗಳು ಎಳೆಯೊಳಗೆ ಹೋಗಲಾರದಷ್ಟು ದೊಡ್ಡವು.

ಹೊಟ್ಟಿರುವ ನೆತ್ತಿಯ ಮಾತು ಬೇರೆ. ಹೊಟ್ಟಿಗೆ ಸಂಬಂಧಿಸಿದ ಮಲಸೇಜಿಯಾ ಶಿಲೀಂಧ್ರಕ್ಕೆ ಹೊರಗಿನ ಕೊಬ್ಬೇ ಆಹಾರ. ರಾತ್ರಿಯಿಡೀ ನೆತ್ತಿಗೆ ಎಣ್ಣೆ ಮೆತ್ತಿದರೆ ಅದನ್ನು ಸಾಕಿದಂತೆ.

ನೀರು ಮತ್ತು ಎಚ್ಚರ

ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಸೇರಿ ಬಿಳಿ ಕೆನೆಗಟ್ಟಿ ಕೂದಲಿಗೆ ಅಂಟುತ್ತದೆ. ಅಂಥ ಊರಿನಲ್ಲಿ ಸೀಗೆ, ಅಂಟುವಾಳಗಳೇ ಲೇಸು. ಕಡೆಯ ತಂಬಿಗೆ ಹುಳಿನೀರಿನದಾಗಿರಲಿ.

ಹರಳೆಣ್ಣೆಯನ್ನು ಅಳತೆಯಲ್ಲಿ ಬಳಸಬೇಕು. ಅದರ ಬಹುಪಾಲು ರಿಸಿನೋಲಿಕ್ ಆಮ್ಲ, ಬಹಳ ಅಂಟು. ಹರಳೆಣ್ಣೆ ಹಚ್ಚಿದ ಉದ್ದ ಕೂದಲು ಗಟ್ಟಿ ಮುದ್ದೆಯಾದ ಪ್ರಕರಣವೊಂದು 2017ರಲ್ಲಿ ಭಾರತದ ವೈದ್ಯಕೀಯ ನಿಯತಕಾಲಿಕದಲ್ಲಿ ವರದಿಯಾಗಿದೆ. ನಿಂಬೆರಸವನ್ನು ಹಾಗೆಯೇ ಹಚ್ಚಬಾರದು. ಅದರ ಪಿಎಚ್ 2ರ ಆಸುಪಾಸು, ನೆತ್ತಿ ಉರಿಯುತ್ತದೆ.

ಸಮಾರೋಪ

ಎಣ್ಣೆ, ಸೀಗೆ, ಲೋಳೆ ಎಂಬ ನಮ್ಮ ಅಭ್ಯಂಜನದ ಅನುಕ್ರಮದಲ್ಲಿ ಈ ಮೂರೂ ಕೆಲಸಗಳು ಅಡಗಿವೆ. ಆ ಪದ್ಧತಿಯನ್ನು ಇಡಿಯಾಗಿ ಅನುಸರಿಸಬೇಕಾಗಿಲ್ಲ. ಅದರಿಂದ ನಮಗೆ ಬೇಕಾದ ಹೆಜ್ಜೆಯನ್ನು ಆರಿಸಿಕೊಳ್ಳಬಹುದು. ಒಮ್ಮೆಗೆ ಒಂದೇ ವಸ್ತುವನ್ನು ನಾಲ್ಕಾರು ಸ್ನಾನಗಳಲ್ಲಿ ಬಳಸಿ, ಕೂದಲು ಒಣಗಿದ ಮೇಲೆ ಹೇಗಿದೆಯೆಂದು ನೋಡಿದರೆ ಯಾವುದು ಹೊಂದಿತೆಂದು ತಿಳಿಯುತ್ತದೆ. ಆದರೆ ನೆತ್ತಿಯಿಂದ ಹೊರಬಂದ ಕೂದಲು ಜೀವವಿಲ್ಲದ ವಸ್ತು. ಸೀಳಿದ ತುದಿ ಯಾವ ಲೋಳೆಯಿಂದಲೂ, ಯಾವ ಎಣ್ಣೆಯಿಂದಲೂ ಮತ್ತೆ ಕೂಡುವುದಿಲ್ಲ, ಅದನ್ನು ಕತ್ತರಿಸಲೇಬೇಕು. ಕೂದಲು ವಿಪರೀತ ಉದುರುತ್ತಿದ್ದರೆ ಕಂಡೀಷನರ್ ಹುಡುಕುತ್ತ ಕೂರದೆ ಚರ್ಮವೈದ್ಯರನ್ನು ಕಾಣಬೇಕು.